ಹಣ್ಣಿನ ಬೆಲೆ, ಮರದ ಬೆಲೆ

ಒಣಗಿದ ಹುಣಸೆಕಾಯಿಯ ಓಡು ಒಡೆದಾಗ ಬರುವ ವಾಸನೆ ಹುಳಿಯೂ ಅಲ್ಲ, ಸಿಹಿಯೂ ಅಲ್ಲ. ಬಿಸಿಲಿಗೆ ಹಾಕಿದ ಗೋಣಿಚೀಲದ ವಾಸನೆ ಅದಕ್ಕೆ ಸ್ವಲ್ಪ ಸೇರಿಕೊಂಡಿರುತ್ತದೆ. ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮರದ ಕೆಳಗೆ ನಿಂತು ಒಂದು ಕಾಯಿ ಮುರಿದೆ. ಮೂಗಿನ ಹತ್ತಿರ ಹಿಡಿದೆ. ಅಷ್ಟಕ್ಕೇ ಎಂಟು ವರ್ಷದ ಹಿಂದಿನ ಆ ಹುಣಸೆ ಕಾಲ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು. ‘ನಮ್ಮ ಮರ’ ಎಂದು ಬರೆದೆನಲ್ಲ, ಆ ಎರಡು ಮಾತು ಬರೆಯುವುದಕ್ಕೇ ಈ ನೋಟ್‌ಬುಕ್ಕು ತೆಗೆದೆ ಅಂದರೂ ಸರಿಯೇ. ಖುಷಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಸಿಕ್ಕಿದವರಿಗೆಲ್ಲ ಹೇಳಿ ಆಯಿತು, ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದರೆ ಮೊಮ್ಮಗಳು ಶಿಲ್ಪಾ ತಿದ್ದುತ್ತಾಳೆ.

ನಮ್ಮದು ಬೊಮ್ಮಸಂದ್ರದ ಪಕ್ಕದ ಊರು. ಕಾರ್ಖಾನೆಗಳು ಬರುವುದಕ್ಕೆ ಮುಂಚಿನಿಂದಲೂ ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಕಸುಬು ಹುಣಸೆ ಗುತ್ತಿಗೆ. ರಸ್ತೆ ಬದಿಯ ಮರಗಳು ಸರ್ಕಾರದವು. ಹೂವು ಉದುರಿ ಕಾಯಿ ಕಟ್ಟಿದ ಮೇಲೆ, ಹಣ್ಣಾಗುವ ಮೊದಲೇ, ಆ ವರ್ಷದ ಫಸಲನ್ನು ಹರಾಜು ಹಾಕುತ್ತಿದ್ದರು. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಹಣ್ಣು. ಬಿಸಿಲು ಬಲಿತ ಮೇಲೆ ಮರ ಹತ್ತಿ ಕೊಂಬೆ ಜಾಡಿಸಬೇಕು, ಆಯಬೇಕು, ಓಡು ಬಿಡಿಸಬೇಕು, ಬೀಜ ತೆಗೆಯಬೇಕು, ಮಂಡಿಗೆ ಹಾಕಬೇಕು. ಹರಾಜಿನಲ್ಲಿ ಕೂಗುತ್ತಿದ್ದದ್ದು ನಮ್ಮ ಯಜಮಾನರು. ಎಷ್ಟು ಕೂಗಬೇಕು ಎಂದು ಹೇಳುತ್ತಿದ್ದದ್ದು ನಾನು. ಗಂಡಸರು ಮರ ನೋಡಿ ಕಾಯಿ ಎಣಿಸುತ್ತಾರೆ. ಬೀಜ ಬಿಡಿಸುವವಳಿಗೆ ಗೊತ್ತು, ನೂರು ಕೆಜಿ ಕಾಯಿ ಬಿದ್ದರೆ ಅದರಲ್ಲಿ ಓಡೆಷ್ಟು, ಬೀಜವೆಷ್ಟು, ನಾರೆಷ್ಟು, ಕೊನೆಗೆ ಮಂಡಿಯ ತಕ್ಕಡಿ ಹತ್ತುವ ಹಣ್ಣೆಷ್ಟು ಅಂತ. ಅರ್ಧವೂ ಉಳಿಯುವುದಿಲ್ಲ.

ನನ್ನ ಅಂದಾಜಿಗೆ ಒಂದು ಕ್ರಮವಿತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ಮರವನ್ನು ಒಂದು ಸುತ್ತು ಹಾಕುವುದು. ಒಂದು ಕೊಂಬೆ ಆರಿಸಿಕೊಂಡು ಎಣಿಸುವುದು, ಎಷ್ಟು ಕೊಂಬೆಯೋ ಅಷ್ಟರಿಂದ ಗುಣಿಸುವುದು. ಅದೇ ಮರ ಹಿಂದಿನ ನಾಲ್ಕೈದು ವರ್ಷ ಏನು ಕೊಟ್ಟಿತ್ತು ಎಂದು ನೆನೆಸಿಕೊಳ್ಳುವುದು, ಯಾಕೆಂದರೆ ಹುಣಸೆ ಒಂದು ವರ್ಷ ಸುರಿದರೆ ಮರುವರ್ಷ ಮುನಿಸಿಕೊಳ್ಳುತ್ತದೆ. ಬಂದಳಿಕೆ ಹತ್ತಿದೆಯೇ ನೋಡುವುದು. ಬಂದಳಿಕೆ ಅಂದರೆ ಮರದ ಮೇಲೇ ಬೇರೂರಿ ಮರದ ರಸ ಹೀರುವ ಗಿಡ, ದೂರದಿಂದ ಹಸಿರಾಗಿಯೇ ಕಾಣುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಬಂದದ್ದರಲ್ಲಿ ಕಾಲು ಭಾಗ ಕಳೆದುಬಿಡುವುದು. ಅದಕ್ಕೆ ನಾವು ಗಾಳಿಮಳೆಯ ಪಾಲು ಅನ್ನುತ್ತಿದ್ದೆವು. ಕೋತಿ ಬರಬಹುದು, ಅಕಾಲದಲ್ಲಿ ಮಳೆ ಬಿದ್ದು ಹಣ್ಣು ಕಪ್ಪಾಗಬಹುದು, ನನ್ನ ಕಣ್ಣೇ ತಪ್ಪಬಹುದು. ಅದೆಲ್ಲದರ ಪಾಲು ಅದು. ಉಳಿದದ್ದನ್ನು ಯಜಮಾನರ ಕಿವಿಯಲ್ಲಿ ಹೇಳುತ್ತಿದ್ದೆ. ಅದರ ಮೇಲೆ ಒಂದು ರೂಪಾಯಿ ಹೋದರೂ ಅವರು ಟವಲು ಕೊಡವಿ ಎದ್ದು ಬರುತ್ತಿದ್ದರು. ನಲವತ್ತು ವರ್ಷದಲ್ಲಿ ಎರಡು ಸಲ ಮಾತ್ರ ಕೈ ಸುಟ್ಟುಕೊಂಡಿದ್ದೇವೆ.

ಈಗ ಒಂದು ಪೆದ್ದುತನವನ್ನೂ ಬರೆದುಬಿಡುತ್ತೇನೆ. ನಮ್ಮೂರಿನ ರಿಟೈರಾದ ಮೇಷ್ಟ್ರೊಬ್ಬರ ಹಿತ್ತಲಲ್ಲಿ ಎರಡು ಮರ ಇದ್ದವು. ಒಂದು ವರ್ಷ ಅವರು, “ಗೌರಮ್ಮ, ವರ್ಷಾವರ್ಷ ಏನು ಚೌಕಾಸಿ? ಮರ ಎರಡೂ, ಅದರ ಅಡಿಯ ನೆಲ ಸಮೇತ ತಗೊಂಡ್ಬಿಡಿ. ಹತ್ತು ಫಸಲಿನ ದುಡ್ಡು ಕೊಡಿ ಸಾಕು” ಅಂದರು. ನಾನು ಎಷ್ಟು ನಕ್ಕೆ ಅಂದರೆ ಯಜಮಾನರ ಭುಜ ಹಿಡಿದುಕೊಳ್ಳಬೇಕಾಯಿತು. “ಹತ್ತು ಫಸಲಿನ ದುಡ್ಡು ಒಂದೇ ಸಲ ಕೊಡಾಕೆ ನಮಗೇನ್ ತಲೆ ಕೆಟ್ಟೈತಾ ಸಾಮಿ?” ಅಂದೆ. ದುಡ್ಡು ಇರಲಿಲ್ಲ ಎಂದಲ್ಲ, ಕಷ್ಟಪಟ್ಟರೆ ಹೊಂದಿಸಬಹುದಿತ್ತು. ಆದರೆ ನಮ್ಮ ತಲೆ ಒಂದು ಫಸಲಿನ ಆಚೆಗೆ ಹೋಗುತ್ತಲೇ ಇರಲಿಲ್ಲ.

ಆ ವರ್ಷಕ್ಕೆ ಬರುತ್ತೇನೆ. ಎಲೆಕ್ಟ್ರಾನಿಕ್ ಸಿಟಿ ಕಡೆ ಹೆದ್ದಾರಿಯ ಮೇಲೆ ಇನ್ನೊಂದು ಹೆದ್ದಾರಿ ಕಟ್ಟುವುದಕ್ಕೆ ಕಂಬಗಳು ಏಳುತ್ತಿದ್ದ ಕಾಲ. ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಹರಾಜಿಗೆ ನಾನೇ ಹೋಗಿ ಕೂಗುತ್ತಿದ್ದೆ. ಆ ಸಲ ಹೋದರೆ ಆಫೀಸಿನವರು, “ಈ ವರ್ಷದಿಂದ ಹರಾಜಿಲ್ಲಮ್ಮ, ರಸ್ತೆ ಅಗಲ ಮಾಡ್ತಾರೆ, ಮರ ತೆಗೀತಾರೆ” ಅಂದರು. ಬರುವಾಗ ನೋಡಿದೆ. ಒಂದೊಂದು ಮರಕ್ಕೂ ಸಿಪ್ಪೆ ಕೆತ್ತಿ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ಮೇಲೆ ಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಅಂಥ ಫಸಲು ಹತ್ತು ವರ್ಷದಲ್ಲಿ ಬಂದಿರಲಿಲ್ಲ.

ನನ್ನ ಪಾಸ್‌ಬುಕ್ಕಿನಲ್ಲಿ ನಲವತ್ತು ಸಾವಿರ ಇತ್ತು. ಅದು ಹರಾಜಿನ ದುಡ್ಡು. ವರ್ಷಾವರ್ಷ ಮರಕ್ಕೆ ಹೋಗಿ, ಹಣ್ಣಾಗಿ ತಿರುಗಿ ಬರುತ್ತಿದ್ದ ದುಡ್ಡು. ಅದರ ಮೇಲೆ ಬಂದದ್ದರಲ್ಲಿ ನನ್ನ ಸೀರೆ, ನನ್ನ ಔಷಧಿ, ನನ್ನ ಎಲೆಅಡಿಕೆ. ಮಗ ನಾರಾಯಣ ಒಳ್ಳೆಯವನೇ, ಫ್ಯಾಕ್ಟರಿಯಲ್ಲಿ ಮೆಷಿನ್ ಓಡಿಸುತ್ತಾನೆ, ಕೇಳಿದರೆ ಇಲ್ಲ ಅನ್ನುವವನಲ್ಲ. ಆದರೆ ಕೇಳಬೇಕಲ್ಲ. ಹದಿನೆಂಟನೇ ವಯಸ್ಸಿನಿಂದ ನಾನು ಯಾರನ್ನೂ ಕೇಳಿದವಳಲ್ಲ. ಆ ನಲವತ್ತು ಸಾವಿರ ಕರಗಿದರೆ ಎಲೆಅಡಿಕೆಗೂ ಮಗನ ಕೈ ನೋಡುತ್ತ ಕೂರಬೇಕು. ನನಗೆ ಇದ್ದ ಭಯ ಇದೊಂದೇ.

ಶಿಲ್ಪಾ ನಾರಾಯಣನ ಮಗಳು. ಆಗ ಅವಳಿಗೆ ಇಪ್ಪತ್ತೆರಡು. ಹಗಲು ಔಷಧಿ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ, ಸಂಜೆ ಬಿಕಾಂ ಕಾಲೇಜು. ಕಾಯಿ ಬಲಿತು ಹಣ್ಣಾಗುವ ಹೊತ್ತಿಗೆ ಒಂದು ದಿನ ಬಂದು ನನ್ನ ಪಕ್ಕ ಕೂತು, “ಅಜ್ಜಿ, ಆಂತರಿಕ ಮೌಲ್ಯ ಅಂತ ಒಂದು ಪಾಠ ಇದೆ” ಅಂದಳು.

“ಅಂಗಂದ್ರೆ?”

“ಶೇರಿಗೆ ಪೇಟೆಲಿ ಒಂದು ಬೆಲೆ ಇರುತ್ತೆ. ನಿಜವಾಗ್ಲೂ ಅದು ಎಷ್ಟು ಬಾಳುತ್ತೆ ಅನ್ನೋದು ಬೇರೆ. ಆ ಎರಡನೇದನ್ನ ನಾವೇ ಲೆಕ್ಕ ಹಾಕ್ಬೇಕು.”

“ಅದಕ್ಕೆ ಕಾಲೇಜಿಗೆ ಬೇರೆ ಓಗ್ತಿದೀಯಾ? ಈ ಮನೇಲಿ ಅದನ್ನೇ ಅಲ್ಲವೇನೇ ನಲವತ್ತು ವರ್ಷ ಮಾಡಿದ್ದು?”

“ಅದಕ್ಕೇ ನಿನ್ ಹತ್ರ ಬಂದಿದ್ದು. ನಮ್ಮ ಫ್ಯಾಕ್ಟರಿಗೆ ಸೀಸೆ ಮುಚ್ಚಳ ಮಾಡ್ಕೊಡೋ ಒಂದು ಕಂಪನಿ ಇದೆ. ಮೂರು ವರ್ಷದಿಂದ ಮಾಲು ಇಳಿಸ್ಕೊಳ್ತಿರೋಳು ನಾನೇ. ಒಂದು ಡಬ್ಬ ವಾಪಸ್ ಕಳಿಸಿಲ್ಲ. ಅದರ ಶೇರು ಈಗ ನೂರ ನಲವತ್ತಕ್ಕೆ ಸಿಗ್ತಿದೆ. ನಿನ್ ದುಡ್ಡು ಸುಮ್ನೆ ಕೂತಿದೆಯಲ್ಲ.”

“ಒಂದು ಶೇರಿಗೆ ವರ್ಷಕ್ಕೆ ಏನ್ ಬತ್ತೈತೆ?”

“ಹೋದ್ವರ್ಷ ಕಂಪನಿ ಒಂದೊಂದು ಶೇರಿಗೆ ಹದಿನಾರು ರೂಪಾಯಿ ಲಾಭ ಮಾಡಿದೆ.”

ನಾನು ಮೇಷ್ಟ್ರಿಗೆ ನಕ್ಕ ಹಾಗೆಯೇ ನಕ್ಕೆ. “ಹದಿನಾರು ರೂಪಾಯಿ ಹಣ್ಣಿಗೆ ನೂರ ನಲವತ್ತು ಕೂಗೋದಾ? ನಿಮ್ ಮೇಷ್ಟ್ರನ್ನ ಕರ್ಕೊಂಡ್ ಬಾ ಮಗಾ, ಮರದ ಕೆಳಗೆ ನಿಲ್ಸಿ ನಾನೇ ಪಾಠ ಹೇಳ್ತೀನಿ.”

ಒಳಗೆ ಶಿಫ್ಟಿಗೆ ರೆಡಿಯಾಗುತ್ತಿದ್ದ ನಾರಾಯಣ ಅಲ್ಲಿಂದಲೇ, “ಅಜ್ಜಿ ತಲೆ ಕೆಡಿಸ್ಬೇಡ ಕಣೇ. ಶೇರು ಅಂದ್ರೆ ಇಸ್ಪೀಟು. ನಮ್ ಫ್ಯಾಕ್ಟರಿ ಬಸ್ಸಲ್ಲಿ ಅರ್ಧ ಜನ ಈ ವರ್ಷ ಅದರಲ್ಲೇ ಮುಳುಗವ್ರೆ” ಅಂದ. ಅದು ನಿಜವೂ ಹೌದು. ಆ ವರ್ಷ ಶೇರುಪೇಟೆ ನೆಲ ಕಚ್ಚಿತ್ತು, ಎಷ್ಟೋ ಫ್ಯಾಕ್ಟರಿಗಳಲ್ಲಿ ರಾತ್ರಿ ಪಾಳಿ ನಿಂತುಹೋಗಿತ್ತು. ಶಿಲ್ಪಾ ಪುಸ್ತಕ ಮಡಚಿ ಎದ್ದು ಹೋದಳು. ಮುಖ ಸಣ್ಣಗೆ ಮಾಡಿಕೊಂಡಿದ್ದಳು. ನಾನು ಗೆದ್ದೆ ಅಂದುಕೊಂಡು ಎಲೆಗೆ ಸುಣ್ಣ ಹಚ್ಚಿದೆ.

ವಾರ ಕಳೆಯಿತು. ರಸ್ತೆ ಕಡೆಯಿಂದ ಗರಗಸದ ಸದ್ದು ಕೇಳಿ ಹೋದೆ. ನನ್ನ ಮರಗಳನ್ನು ಉರುಳಿಸುತ್ತಿದ್ದರು. ನನ್ನವು ಎಂದು ಬಾಯಿಗೆ ಬಂತು, ನನ್ನವಲ್ಲ. ಕಾಯಿ ಎಲ್ಲ ನೆಲದ ಮೇಲೆ ಚೆಲ್ಲಿತ್ತು, ಹೋಗಿಬರುವ ಹೆಂಗಸರು ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ನಾನೂ ತುಂಬಿಕೊಂಡೆ. ನಲವತ್ತು ವರ್ಷದಲ್ಲಿ ಮೊದಲ ಸಲ ಪುಕ್ಕಟೆ ಹುಣಸೆ. ಮರದ ವ್ಯಾಪಾರಿಯೊಬ್ಬ ಟೇಪು ಹಿಡಿದು ಬೊಡ್ಡೆ ಅಳೆಯುತ್ತಿದ್ದ. “ಏನ್ ಕೊಟ್ರಣ್ಣ ಇದಕ್ಕೆ?” ಎಂದೆ. ಅವನು ಹೇಳಿದ. ಹಣ್ಣಿನ ಎರಡು ಫಸಲಿಗೂ ಸಮ ಆಗದ ದುಡ್ಡು. ಬರೀ ಸೌದೆಯ ಲೆಕ್ಕ.

ಆ ಮರದಿಂದ ನಾನು ಇಪ್ಪತ್ತಮೂರು ಫಸಲು ಇಳಿಸಿದ್ದೆ. ಬೊಡ್ಡೆಯ ಮೇಲೆ ಕೈಯಿಟ್ಟು ನಿಂತಾಗ ಆ ಲೆಕ್ಕ ತಾನಾಗಿ ಬಂತು. ಇಪ್ಪತ್ತಮೂರು ಸಲ ಇದಕ್ಕೆ ದುಡ್ಡು ಕಟ್ಟಿದ್ದೇನೆ, ಇಪ್ಪತ್ತಮೂರು ಸಲ ಹಣ್ಣಿನ ಬೆಲೆ ಕೂಗಿದ್ದೇನೆ, ಮರದ ಬೆಲೆ ಎಷ್ಟೆಂದು ಒಂದು ಸಲವೂ ಯೋಚಿಸಿಲ್ಲ. ಮೇಷ್ಟ್ರು ಹತ್ತು ಫಸಲಿಗೆ ಎರಡು ಮರ ಕೊಡುತ್ತೇನೆ ಅಂದಿದ್ದರು. ಅದಾದ ಮೇಲೆ ಅವೇ ಮರಗಳಿಂದ ನಾವು ಹದಿನೆಂಟು ಫಸಲು ದುಡ್ಡು ಕೊಟ್ಟು ಇಳಿಸಿಕೊಂಡಿದ್ದೆವು. ಮರಗಳು ಇನ್ನೂ ಅವರ ಮೊಮ್ಮಕ್ಕಳಿಗೆ ಕಾಯಿ ಬಿಡುತ್ತಿದ್ದವು. ನಾನು ಸೆರಗಿನ ತುಂಬ ಕಾಯಿ ಇಟ್ಟುಕೊಂಡು ರಸ್ತೆ ಬದಿಯಲ್ಲೇ ಕೂತುಬಿಟ್ಟೆ.

ಸಂಜೆ ಶಿಲ್ಪಾ ಬರುವುದನ್ನೇ ಕಾದಿದ್ದೆ. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

“ಲೇ ಮಗಾ, ಶೇರು ಅಂದ್ರೆ ಹಣ್ಣಾ, ಮರಾನಾ?”

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕಣ್ಣು ಅಗಲವಾಯಿತು. “ಮರ ಅಜ್ಜಿ. ಒಂದು ವರ್ಷದ ಲಾಭಕ್ಕಲ್ಲ ದುಡ್ಡು ಕೊಡೋದು. ಕಂಪನಿ ಇರೋವರ್ಗೂ ಪ್ರತಿ ವರ್ಷ ಬರೋದ್ರಲ್ಲಿ ನಿಂಗೆ ಪಾಲು.”

“ಅದನ್ನ ಅವತ್ತೇ ಯೋಳಾಕೆ ಏನಾಗಿತ್ತು?”

“ನೀನು ನಗೋದು ನಿಲ್ಸಿದ್ರೆ ತಾನೇ ಹೇಳೋದು.”

ಅವತ್ತಿನಿಂದ ನಮ್ಮಿಬ್ಬರ ಕೆಲಸ ಶುರುವಾಯಿತು. ಅವಳು ಕಾಗದ ಹಿಡಿದು ಕೂತಳು, ನಾನು ಬೀಜ ಬಿಡಿಸುತ್ತ ಕೂತೆ. ಮೊದಲು ಐದು ವರ್ಷದ ಫಸಲು ಕೇಳಿದೆ. ಒಂಬತ್ತು, ಹದಿನಾಲ್ಕು, ಹತ್ತು, ಹನ್ನೊಂದು, ಹದಿನಾರು. “ಹದಿನಾರು ಅಂತ ಕುಣೀಬೇಡ, ಅದು ಸುರಿದ ವರ್ಷ. ಹನ್ನೆರಡು ಅನ್ನು” ಎಂದೆ. ಆಮೇಲೆ ಓಡು, ಬೀಜ, ನಾರು. “ಲಾಭ ಅಂತ ಬರ್ದಿರೋದೆಲ್ಲ ಕೈಗೆ ಸಿಗ್ತೈತಾ? ಮೆಷಿನ್ ಸವೀತೈತಲ್ಲ, ಹೊಸದು ತರಾಕೆ ಅದರಾಗೆ ತೆಗೀಬೇಕಲ್ಲ?” ಶಿಲ್ಪಾ ಪುಸ್ತಕ ತಿರುವಿ ಹಾಕಿ, “ಹೌದು ಅಜ್ಜಿ, ಎರಡು ರೂಪಾಯಿ ಹೋಗುತ್ತೆ” ಅಂದಳು. ಉಳಿದದ್ದು ಹತ್ತು. ಬಂದಳಿಕೆ ಕೇಳಿದೆ, ಅಂದರೆ ಸಾಲ. “ಸ್ವಲ್ಪ ಇದೆ, ಎರಡು ವರ್ಷದಲ್ಲಿ ತೀರುತ್ತೆ.” ಸರಿ, ಆ ಕೊಂಬೆ ಉಳಿಯುತ್ತದೆ.

ಈಗ ವರ್ಷಕ್ಕೆ ಹತ್ತು ರೂಪಾಯಿ ಹಣ್ಣು ಕೊಡುವ ಮರಕ್ಕೆ ಎಷ್ಟು ಕೊಡಬಹುದು? ಇಲ್ಲಿ ನನಗೆ ದಾರಿ ಗೊತ್ತಿರಲಿಲ್ಲ, ಅವಳು ತೋರಿಸಿದಳು. ಬ್ಯಾಂಕಿನಲ್ಲಿ ಇಟ್ಟರೆ ನೂರಕ್ಕೆ ಎಂಟೂವರೆ ಬರುತ್ತದೆ. ಬ್ಯಾಂಕಿನಿಂದ ಹತ್ತು ರೂಪಾಯಿ ಹಣ್ಣು ಬೇಕಾದರೆ ನೂರ ಹದಿನೆಂಟು ಇಡಬೇಕು. ಹಾಗಾದರೆ ಈ ಮರವೂ ಕಡಿಮೆ ಅಂದರೆ ಅಷ್ಟು ಬಾಳುತ್ತದೆ. “ಆದ್ರೆ ಬ್ಯಾಂಕಿನ ಮರ ಬೆಳೆಯಲ್ಲ ಅಜ್ಜಿ. ಇವರು ಹೊಸ ಶೆಡ್ಡು ಹಾಕಿದ್ದಾರೆ.” “ಬೆಳೆಯೋ ಮರ ಅಂದ್ರೆ ಅರ್ಧ ಜಾಸ್ತಿ ಕೊಡಬೌದು” ಎಂದೆ. ಅದು ನೂರ ಎಪ್ಪತ್ತೇಳಕ್ಕೆ ಬಂತು. “ನೋಡಿದ್ಯಾ, ಪೇಟೆಲಿ ನೂರ ನಲವತ್ತು. ನಾಳೆನೇ ತಗೊಳ್ಳೋಣ” ಎಂದು ಅವಳು ಎದ್ದೇಬಿಟ್ಟಳು.

“ಕೂತ್ಕೋ. ಗಾಳಿಮಳೆಯ ಪಾಲು ಎಲ್ಲಿ?”

ಕಾಲು ಭಾಗ ಕಳೆದರೆ ನೂರ ಮೂವತ್ತಮೂರು. ಅದಕ್ಕಿಂತ ಒಂದು ರೂಪಾಯಿ ಮೇಲಿದ್ದರೂ ಟವಲು ಕೊಡವಿ ಏಳುವುದು ಅಂದೆ. ಅವಳ ಪುಸ್ತಕದಲ್ಲಿ ಗಾಳಿಮಳೆಯ ಪಾಲಿಗೂ ಒಂದು ದೊಡ್ಡ ಹೆಸರಿತ್ತಂತೆ. ಇರಲಿ.

ಅಷ್ಟೂ ಕಾಗದದ ಲೆಕ್ಕ. ಮರ ನೋಡದೆ ನಾನು ಕೂಗಿದವಳಲ್ಲ. ಮುಚ್ಚಳದ ಕಾರ್ಖಾನೆ ಬೊಮ್ಮಸಂದ್ರದಲ್ಲೇ ಇತ್ತು. ಗೇಟಿನ ಎದುರು ರತ್ನ ಎಂಬ ಹೆಂಗಸಿನ ಟೀ ಅಂಗಡಿ. ಮರುದಿನದಿಂದ ಮೊರ, ಸುತ್ತಿಗೆ, ಪುಕ್ಕಟೆ ಸಿಕ್ಕ ಹುಣಸೆ ತಗೊಂಡು ಹೋಗಿ ಅಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದೆ. ಕೈ ಬೀಜ ಬಿಡಿಸುತ್ತಿತ್ತು, ಕಣ್ಣು ಗೇಟಿನ ಮೇಲಿತ್ತು. ಲಾರಿ ಎಷ್ಟು ಖಾಲಿ ಬಂದವು, ಎಷ್ಟು ತುಂಬಿ ಹೋದವು, ಶಿಫ್ಟು ಬದಲಾಗುವಾಗ ಎಷ್ಟು ಜನ ಒಳಗೆ ಹೋದರು, ಎಲ್ಲ ಗಮನಿಸುತ್ತಿದ್ದೆ.

ಮೂರನೇ ದಿನ ವಾಚ್‌ಮನ್ ಬಂದ. “ಯಾರಜ್ಜಿ ನೀನು? ಕೆಲಸದಿಂದ ತೆಗ್ದಿರೋ ಹುಡುಗನ ತಾಯಿಯಾ? ಧರಣಿ ಗಿರಣಿ ಏನಾರ ಮಾಡ್ತೀಯಾ?”

“ಇಲ್ಲಪ್ಪ. ನಿಮ್ ಫ್ಯಾಕ್ಟರಿ ತಗೋಣಾ ಅಂತ ನೋಡ್ತಿವ್ನಿ.”

ಅವನು ರತ್ನಳ ಮುಖ ನೋಡಿದ. ರತ್ನ, “ಹೋಗ್ಲಿ ಬಿಡಣ್ಣ, ವಯಸ್ಸಾಗೈತೆ” ಅಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ಸುಳ್ಳೇನೂ ಹೇಳಿರಲಿಲ್ಲ.

ಆಮೇಲೆ ರತ್ನಳೇ ಎಲ್ಲ ಹೇಳಿದಳು. “ಸುತ್ತಮುತ್ತ ಎಲ್ಲಾ ಕಡೆ ರಾತ್ರಿ ಪಾಳಿ ನಿಲ್ಸವ್ರೆ ಅಕ್ಕ. ಇದೊಂದ್ರಲ್ಲಿ ಮೂರು ಶಿಫ್ಟೂ ಓಡ್ತೈತೆ. ಜನ ಸಾಬೂನು ಬಿಟ್ರೂ ಔಷಧಿ ಬಿಡ್ತಾರಾ? ಸಂಬಳ ಒಂದನೇ ತಾರೀಖು ತಪ್ಪಲ್ಲ, ಅದು ನಂಗ್ ಗೊತ್ತಾಗ್ತೈತೆ. ಒಂದನೇ ತಾರೀಖು ಸಂಜೆ ನನ್ ಬಾಕಿ ಪೂರ್ತಿ ಬಂದ್ಬಿಡ್ತೈತೆ.” ಯಾವ ಪುಸ್ತಕದಲ್ಲಿ ಇದನ್ನು ಬರೆದಿರುತ್ತಾರೆ?

ಸುದ್ದಿ ನಾರಾಯಣನಿಗೆ ಮುಟ್ಟಿತು. ಊಟಕ್ಕೆ ಕೂತವನು ಮುದ್ದೆ ಮುರಿಯದೆ ಹಾಗೇ ನೋಡಿದ. “ಅಮ್ಮ, ಯಾವುದೋ ಫ್ಯಾಕ್ಟರಿ ಗೇಟ್ ಮುಂದೆ ಹುಣಸೆ ಕುಟ್ಕೊಂಡು ಕೂತಿರ್ತೀಯಂತೆ. ನಮ್ ಬಸ್ಸಿನೋರು ನೋಡವ್ರೆ. ನಿಮ್ಮಮ್ಮನ್ನ ಮನೆಯಿಂದ ಆಚೆಗಾಕಿದ್ಯಾ ಅಂತ ಕೇಳ್ತಾರೆ.”

“ಏನಂದೆ?”

“ಏನಂತೀನಿ? ನಮ್ಮಮ್ಮ ಕಂಪನಿ ವಿಚಾರಿಸ್ತಾವ್ಳೆ ಅಂದ್ರೆ ನಂಬ್ತಾರಾ?” ತಟ್ಟೆ ಹತ್ತಿರ ಎಳೆದುಕೊಂಡು, “ಹಾಕ್ಲೇಬೇಕು ಅಂದ್ರೆ ಕಟ್ಟಡ ಕಟ್ಟೋ ಒಂದು ಕಂಪನಿ ಐತೆ, ಅದರ ಶೇರಿಗೆ ಹಾಕು. ಒಂಬೈನೂರು ಇದ್ದಿದ್ದು ತೊಂಬತ್ತಕ್ಕೆ ಬಂದೈತೆ. ಅದಕ್ಕಿಂತ ಸಸ್ತಾ ಯಾವ್ದೈತೆ?” ಅಂದ.

ಇಸ್ಪೀಟು ಅಂದವನ ಬಾಯಿಂದ ಇದು. “ಹೋದ್ವರ್ಷ ಯಾರೋ ಆ ಮರಕ್ಕೆ ಒಂಬೈನೂರು ಕೂಗಿದ್ರೆ ಅದು ಅವರ ಹುಚ್ಚು ಕಣೋ. ಈ ವರ್ಷ ಮರದಾಗೆ ಏನೈತೆ ಅದನ್ನ ಯೋಳು” ಎಂದೆ. ಅವನಿಗೆ ಗೊತ್ತಿರಲಿಲ್ಲ. ಶಿಲ್ಪಾ ನೋಡಿ ಹೇಳಿದಳು, ಅದರ ಮೈ ತುಂಬ ಬಂದಳಿಕೆ. ನಾರಾಯಣ ಮುದ್ದೆ ಮುರಿದ.

ಖಾತೆ ತೆಗೆಯುವುದಕ್ಕೆ ಹೊಸೂರು ರಸ್ತೆಯ ಒಂದು ಬ್ರೋಕರ್ ಆಫೀಸಿಗೆ ಹೋದೆವು. ನನ್ನ ಹೆಸರಿನಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದೆ. ಎಷ್ಟೋ ಕಡೆ ಸಹಿ. ನಾನು ‘ಗೌರಮ್ಮ’ ಎಂದು ಬರೆದರೆ ಒಂದರಲ್ಲಿ ಮ ದೊಡ್ಡದು, ಇನ್ನೊಂದರಲ್ಲಿ ಒತ್ತು ಮಾಯ. ಎರಡು ಸಲ ಫಾರಂ ವಾಪಸ್ ಬಂತು. ಅಲ್ಲಿದ್ದ ಕನ್ನಡಕದ ಹುಡುಗಿ, “ಅಜ್ಜಿ, ಹೆಬ್ಬೆಟ್ಟು ಒತ್ತಿಬಿಡಿ, ಸುಲಭ” ಅಂದಳು. ನನಗೆ ರೇಗಿತು. ಮನೆಗೆ ಬಂದು ಎರಡು ದಿನ ಹಳೇ ಕ್ಯಾಲೆಂಡರಿನ ಹಿಂದೆ ನನ್ನ ಹೆಸರನ್ನೇ ತಿದ್ದಿದೆ. ಮೂರನೇ ಸಲ ಅಷ್ಟೂ ಸಹಿ ಒಂದೇ ಅಚ್ಚಿನಲ್ಲಿ ಬಿದ್ದವು. ಆ ಹುಡುಗಿಯೇ ಎದ್ದು ಬಂದು ಕೈ ಕುಲುಕಿದಳು.

ಅಷ್ಟರಲ್ಲಿ ಪೇಟೆ ಇನ್ನೂ ಇಳಿದಿತ್ತು. ನೂರ ಮೂವತ್ತು, ನೂರ ಇಪ್ಪತ್ತು, ಕೊನೆಗೆ ನೂರ ಹನ್ನೆರಡು. ಅವತ್ತು ಕೂಗಿದೆವು. ಮುನ್ನೂರೈವತ್ತು ಶೇರು. ಪಾಸ್‌ಬುಕ್ಕಿನಲ್ಲಿ ಉಳಿದದ್ದು ಚಿಲ್ಲರೆ. ಆಫೀಸಿನಿಂದ ಹೊರಗೆ ಬಂದಾಗ ಬಿಸಿಲು ಚುರುಗುಡುತ್ತಿತ್ತು, ಕಂಬಗಳ ಧೂಳು. ಶಿಲ್ಪಾ ನನ್ನ ಕೈ ಹಿಡಿದಿದ್ದಳು. ಅವಳ ಕೈ ತಣ್ಣಗಿತ್ತು. “ಹೆದರ್ತಿದೀಯಾ?” ಎಂದೆ. “ನಿಂಗೆ ಹೆದರಿಕೆ ಇಲ್ವಾ ಅಜ್ಜಿ?” ಎಂದಳು. “ಹರಾಜು ಮುಗಿದ ಮೇಲೆ ಹೆದರಬಾರದು” ಅಂದೆ. ಅದು ಯಜಮಾನರ ಮಾತು, ಅವರೂ ಹಾಗೆ ಹೇಳಿ ಹೆದರುತ್ತಿದ್ದರು.

ಮೂರು ವಾರದಲ್ಲಿ ಅದು ಎಂಬತ್ತನಾಲ್ಕಕ್ಕೆ ಬಿತ್ತು.

ಶಿಲ್ಪಾ ಊಟ ಬಿಟ್ಟಳು. “ನಿನ್ ದುಡ್ಡು ಅಜ್ಜಿ, ನಾನೇ ಹೇಳ್ದೆ” ಎಂದು ಗೋಡೆ ಕಡೆ ತಿರುಗಿ ಕೂತಳು. ನಾರಾಯಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಸುಮ್ಮನೆ ಎಲೆಅಡಿಕೆಯ ಒಂದು ಪೊಟ್ಟಣ ತಂದು ನನ್ನ ಪಕ್ಕ ಇಟ್ಟು ಶಿಫ್ಟಿಗೆ ಹೋದ. ಒಳ್ಳೆಯ ಮನಸ್ಸಿನಿಂದ ತಂದದ್ದು, ನನಗೆ ಗೊತ್ತು. ಆದರೆ ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಪೊಟ್ಟಣವಾಗಿ ಪಕ್ಕದಲ್ಲಿ ಕೂತಿತ್ತು. ಅದನ್ನು ಬಿಚ್ಚಲಿಲ್ಲ. ಮೊರ ಎತ್ತಿಕೊಂಡು ರತ್ನಳ ಅಂಗಡಿಗೆ ಹೋದೆ.

ಅವತ್ತು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೆ. ಲಾರಿಗಳು ಖಾಲಿ ಬಂದವು, ತುಂಬಿ ಹೋದವು. ಶಿಫ್ಟು ಬಿಟ್ಟಾಗ ಮೊದಲಿಗಿಂತ ಜನ ಜಾಸ್ತಿ ಇದ್ದಂತೆ ಕಂಡಿತು. ರತ್ನಳನ್ನು ಕೇಳಿದೆ. “ಹೊಸ ಶೆಡ್ಡಿಗೆ ಜನ ತಗೊಂಡವ್ರೆ ಅಕ್ಕ. ನಾನೂ ಇನ್ನೊಂದು ಬೆಂಚು ಹಾಕ್ಸಿದೀನಿ, ಅದರ ಮೇಲೇ ಕೂತಿದೀಯಲ್ಲ” ಅಂದಳು. ನಾನು ಬೆಂಚು ಮುಟ್ಟಿ ನೋಡಿದೆ. ಹೊಸ ಮರದ ಹಲಗೆ. ಮರ ಹಾಗೇ ನಿಂತಿತ್ತು, ಕಾಯಿ ಹಾಗೇ ಇತ್ತು. ಹರಾಜಿನ ಕಟ್ಟೆಯಲ್ಲಿ ಯಾರೋ ಹೆದರಿ ಕಡಿಮೆ ಕೂಗುತ್ತಿದ್ದರು, ಅಷ್ಟೇ.

ಮನೆಗೆ ಬಂದು ಶಿಲ್ಪಾಗೆ ತಟ್ಟೆ ಹಾಕಿದೆ. “ಉಣ್ಣು. ನಮ್ ಅಂದಾಜು ಸರಿಯಾಗೈತೆ. ಪೇಟೆ ಅಂದಾಜು ತಪ್ಪೈತೆ.”

“ಪೇಟೆಗಿಂತ ನಿಂಗೆ ಜಾಸ್ತಿ ಗೊತ್ತಾ?”

“ಈ ಒಂದು ಮರದ ವಿಷ್ಯ ಗೊತ್ತು. ಬೇರೆ ಮರ ನಾನು ನೋಡಿಲ್ಲ.”

ಅವಳು ಉಂಡಳು. ಆಮೇಲೆ ನಾವು ಬೆಲೆ ನೋಡುವುದನ್ನೇ ಬಿಟ್ಟೆವು. ಹುಣಸೆ ಕಾಲ ಮುಗಿದು, ಎಲೆ ಚಿಗುರಿ, ಹೂವು ಬರುವ ಹೊತ್ತಿಗೆ ಅದು ನಾವು ಕೊಟ್ಟ ಬೆಲೆಯನ್ನು ದಾಟಿ ಮೇಲೆ ಹೋಗಿತ್ತು. ಮಳೆಗಾಲದಲ್ಲಿ ಒಂದು ದಿನ ಪೋಸ್ಟಿನವನು ನುಣುಪು ಕಾಗದದ ದಪ್ಪ ಪುಸ್ತಕ ತಂದುಕೊಟ್ಟ. ಮೇಲೆ ನನ್ನ ಹೆಸರು. ಕಂಪನಿಯವರು ವರ್ಷದ ಲೆಕ್ಕವನ್ನು ನನಗೆ ಒಪ್ಪಿಸಿದ್ದರು. ಇಂಗ್ಲಿಷು, ಒಂದಕ್ಷರ ಬರುವುದಿಲ್ಲ, ಆದರೂ ಪ್ರತಿ ಹಾಳೆ ತಿರುವಿದೆ. ಅದರ ಹಿಂದೆಯೇ ಮೊದಲ ಡಿವಿಡೆಂಡು ಬಂತು, ಶೇರಿಗೆ ಮೂರು ರೂಪಾಯಿ. ಸಾವಿರದ ಐವತ್ತು. ಅದರಲ್ಲಿ ನಾರಾಯಣನಿಗೆ ಒಂದು ಶರಟು ತಂದೆ. “ಇದ್ಯಾತಕ್ಕೆ?” ಅಂದ. “ಎಲೆಅಡಿಕೆ ತಂದಿದ್ಯಲ್ಲ, ಅದಕ್ಕೆ” ಎಂದೆ. ಅವನು ಆ ಶರಟನ್ನು ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿದನಂತೆ.

ಏಳು ವರ್ಷ ಆ ಮರ ಹಾಗೇ ಬಿಟ್ಟೆವು. ಈಗ ಅದು ಎಷ್ಟಾಗಿದೆ ಎಂದು ಬರೆಯುವುದಿಲ್ಲ, ದೃಷ್ಟಿಯಾಗುತ್ತದೆ. ಹೋದ ವರ್ಷ ಅರ್ಧ ಶೇರು ಮಾರಿದೆ. ಅದಕ್ಕೆ ಶಿಲ್ಪಾ ತನ್ನ ಸಂಬಳದಲ್ಲಿ ಉಳಿಸಿದ್ದನ್ನೂ ಸ್ವಲ್ಪ ಸಾಲವನ್ನೂ ಸೇರಿಸಿದಳು. ಆನೇಕಲ್ ಆಚೆ ಒಂದು ತುಂಡು ನೆಲ ತಗೊಂಡೆವು. ನೋಡಲು ಹೋದಾಗ ಎಲ್ಲರೂ ರಸ್ತೆ ಎಷ್ಟು ದೂರ, ನೀರು ಇದೆಯೇ ಎಂದು ಕೇಳುತ್ತಿದ್ದರು. ನಾನು ಮೂಲೆಯಲ್ಲಿದ್ದ ಹುಣಸೆ ಮರಕ್ಕೆ ಒಂದು ಸುತ್ತು ಹಾಕಿ ಬಂದು ಶಿಲ್ಪಾಗೆ ಹೂಂ ಎಂದು ತಲೆಯಾಡಿಸಿದೆ.

ಮೊನ್ನೆ ಭಾನುವಾರ ಶಿಲ್ಪಾ ಜೊತೆ ಹೋಗಿ ಆ ಮರದ ಕೆಳಗೇ ಕಾಯಿ ಮುರಿದು ಮೂಸುತ್ತಿದ್ದಾಗ ಒಬ್ಬ ಗುತ್ತಿಗೆದಾರ ಬೈಕಿನಲ್ಲಿ ಬಂದ. ಮೂವತ್ತು ದಾಟಿದ ಗಂಡಸು, ಹೆಗಲ ಮೇಲೆ ಟವಲು. ಮರದ ಸುತ್ತ ನಡೆದ, ಒಂದು ಕೊಂಬೆ ಆರಿಸಿಕೊಂಡು ತುಟಿ ಅಲ್ಲಾಡಿಸುತ್ತ ಎಣಿಸಿದ. ನಲವತ್ತು ವರ್ಷ ನಾನು ನಿಂತಿದ್ದ ಜಾಗದಲ್ಲಿ ಅವನು ನಿಂತಿದ್ದ, ನಾನು ಮೊದಲ ಸಲ ಈಚೆ ಕಡೆ ನಿಂತಿದ್ದೆ.

“ಮೂರೂವರೆ ಸಾವಿರ ಕೊಡ್ತೀನಿ ಅಜ್ಜಿ. ಓಡು, ಬೀಜ, ನಾರು ಓದ್ರೆ ಏನ್ ಉಳೀತೈತೆ ಯೋಳಿ?”

ನನ್ನ ಲೆಕ್ಕದಲ್ಲಿ ನಾಲ್ಕು ಸಾವಿರದ ಏಳುನೂರು ಇತ್ತು. ಅವನು ಗಾಳಿಮಳೆಯ ಪಾಲು ಸರಿಯಾಗಿ ಕಳೆದಿದ್ದ. ಕಸುಬುದಾರ. ಚೌಕಾಸಿ ಮಾಡಲಿಲ್ಲ, ಒಪ್ಪಿದೆ. ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಅವನಿಗೆ ಧೈರ್ಯ ಬಂತು.

“ಮರಾನೇ ಕೊಟ್ಬಿಡ್ತೀರಾ ಅಜ್ಜಿ? ವರ್ಷಾವರ್ಷ ಯಾಕೆ ಚೌಕಾಸಿ?”

“ಕೊಡಲ್ಲ. ಕೊಟ್ರೆ ಇಪ್ಪತ್ತು ಫಸಲಿನ ದುಡ್ಡು ಆಗ್ತೈತೆ.”

ಅವನು ನಕ್ಕ. ಬೈಕಿನ ಸೀಟು ಹಿಡಿದುಕೊಂಡು ನಕ್ಕ. “ಒಂದು ಮರಕ್ಕೆ ಇಪ್ಪತ್ತು ಫಸಲಿನ ದುಡ್ಡು ಯಾರಾನಾ ಕೊಡ್ತಾರಾ ಅಜ್ಜಿ? ನಂಗೇನ್ ತಲೆ ಕೆಟ್ಟೈತಾ?”

ಆ ನಗು ನನಗೆ ಚೆನ್ನಾಗಿ ಗೊತ್ತು. ಶಿಲ್ಪಾ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ನೆರಳಿನಲ್ಲಿ ಗೋಣಿಚೀಲ ಹಾಸಿದೆ.

“ಬೈಕು ನಿಲ್ಸ್‌ಬಿಟ್ಟು ಬಾರಪ್ಪ ಇಲ್ಲಿ. ಕೂತ್ಕೋ. ಶಿಲ್ಪಾ, ಕಾಗದ ತಗೊಂಡ್ ಬಾ. ಐದು ವರ್ಷದ ಫಸಲಿಂದ ಶುರು ಮಾಡಾನ.”